ಹೆಬ್ಬೆಟ್ಟು ಕಾದ ಅಜ್ಜಿ

ಎದುರುಮನೆ ಅಜ್ಜಿಗೆ ಉಗುರುಸುತ್ತಾಗಿದೆ ಎಂದೇ ನಾನು ನಂಬಿದ್ದೆ. ಕೊಳಾಲದ ಕಡೆಯಿಂದ ಮಧುಗಿರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಬಾಗಿಲಿಗೆ ನೀರು ಹಾಕುವಾಗ ಮೊದಲು ಕಣ್ಣಿಗೆ ಬಿದ್ದದ್ದು ಅವರ ಎಡಗೈ ಹೆಬ್ಬೆಟ್ಟು. ಹಳೇ ಸೀರೆಯ ಚೂರನ್ನು ಅರಿಶಿನದಲ್ಲಿ ಅದ್ದಿ ಬೆರಳಿನ ಬುಡದವರೆಗೂ ಬಿಗಿಯಾಗಿ ಸುತ್ತಿದ್ದರು. ಯುಗಾದಿ ಬಂತು, ದೀಪಾವಳಿ ಹೋಯಿತು, ಬಟ್ಟೆ ಬದಲಾಗುತ್ತಿತ್ತೇ ಹೊರತು ಗಾಯ ವಾಸಿಯಾಗಲಿಲ್ಲ. ನಾನು ಮೊದಲಿನಿಂದಲೂ ಪುಕ್ಕಲಿ. ಇನ್ನೊಬ್ಬರ ಗಾಯ ನೋಡಿದರೆ ನನ್ನ ಕೈಕಾಲು ತಣ್ಣಗಾಗುತ್ತವೆ. ಆದರೂ ಒಂದು ದಿನ ಧೈರ್ಯ ಮಾಡಿ, ಬೇವಿನೆಲೆ ಅರೆದುಕೊಂಡು ಹೋಗಿ, "ಬಿಚ್ಚಿ ಅಜ್ಜಿ, ಹಚ್ಚಿಕೊಡ್ತೀನಿ" ಎಂದೆ. ಅವರು ಕೈಯನ್ನು ತೊಡೆಯ ಕೆಳಗೆ ಅಡಗಿಸಿಕೊಂಡರು.

"ಗಾಯ ಎಲ್ಲೈತೆ ಮಗಾ, ಹಚ್ಚೋಕೆ?" ಎಂದರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಕಾಗದದ ಮೇಲೆ ಬೀಳುತ್ತದೆ ಎಂದರೆ ಅವರಿಗೆ ಮೈ ನಡುಕ ಬರುತ್ತಿತ್ತು. ತೀರಿಕೊಂಡ ಮೇಲೆ ನಾನು ಆ ಕೆಲಸ ಮಾಡುವುದು ಬೇಡ. ಬೀದಿಯವರು ಹಿಂದಿನಿಂದ ಹೆಬ್ಬೆಟ್ಟಮ್ಮ ಎನ್ನುತ್ತಿದ್ದರು, ಮುಂದಿನಿಂದ ಅಜ್ಜಿ ಎನ್ನುತ್ತಿದ್ದರು. ನಾನು ಎರಡೂ ಕಡೆಯಿಂದ ಅಜ್ಜಿ ಎಂದೇ ಕರೆದೆ, ಅದೂ ಹೆದರಿಕೊಂಡೇ.

ಅವರ ಯಜಮಾನರು ಕಂಬಳಿ ವ್ಯಾಪಾರ ಮಾಡುತ್ತಿದ್ದವರು. ಶಿರಾ, ಪಾವಗಡದ ಕಡೆಯ ಕುರಿಯವರ ಹಟ್ಟಿಗಳಲ್ಲಿ ಕಂಬಳಿ ಕೊಂಡು ತುಮಕೂರಿನಲ್ಲಿ ಮಾರುವುದು. ಮಕ್ಕಳಿರಲಿಲ್ಲ. ಯಜಮಾನರು ಬೇಗ ಹೋದರು. ಅಜ್ಜಿ ಇದ್ದ ಮನೆ ಮಾತ್ರ ಗಂಡನ ಕಡೆಯದಲ್ಲ. ಕೊರಟಗೆರೆಯ ಅವರ ತಂದೆ, ಮಗಳು ಯಾರ ಬಾಗಿಲಲ್ಲೂ ನಿಲ್ಲಬಾರದೆಂದು ಅವರ ಹೆಸರಿಗೇ ಮಾಡಿಕೊಟ್ಟದ್ದು. ಮುಂದೆ ಕಲ್ಲುಕಂಬದ ಜಗಲಿ, ಹಿತ್ತಲಲ್ಲಿ ಒಂದು ದಾಳಿಂಬೆ ಗಿಡ. ಮಧ್ಯಾಹ್ನದ ಬಿಸಿಲಿಗೆ ಬೆಟ್ಟ ಕಾದು ಊರಿಗೆಲ್ಲ ಬೆಂಕಿ ಉಗುಳುವಾಗಲೂ ಆ ನಡುಮನೆ ತಣ್ಣಗಿರುತ್ತಿತ್ತು.

ಆ ಮನೆಯಲ್ಲಿ ಅಜ್ಜಿಯ ಜೊತೆ ಲಕ್ಕಮ್ಮ ಇದ್ದಳು. ಪಾವಗಡದಾಚೆ ಬಲಸಮುದ್ರದ ಕಡೆಯ ಕುರಿಯವರ ಹೆಣ್ಣು, ಕನ್ನಡದಲ್ಲಿ ತೆಲುಗು ಬೆರೆಸಿ ಮಾತಾಡುವವಳು. ಗಂಡ ಬಿಟ್ಟುಹೋದ ಮೇಲೆ, ಕಂಬಳಿ ಹೊರೆಯ ಜೊತೆ ಅಪ್ಪನ ಹಿಂದೆ ಬಂದವಳು ಹಾಗೇ ಉಳಿದುಕೊಂಡಳಂತೆ. ಮೊದಮೊದಲು ಹೊರಗಿನ ಕಸಮುಸುರೆ ಮಾತ್ರ ಅವಳದು. ಅಜ್ಜಿಯ ಕಣ್ಣಿಗೆ ಪೊರೆ ಬಂದ ಮೇಲೆ ಒಲೆಯೂ ಅವಳ ಕೈಗೆ ಬಂತು. ಇದು ಸಣ್ಣ ಮಾತಲ್ಲ. ನಾವು ಲಿಂಗ ಕಟ್ಟಿದವರು. ಲಿಂಗವಿಲ್ಲದವರನ್ನು ನಮ್ಮಲ್ಲಿ ಭವಿ ಎನ್ನುತ್ತಿದ್ದರು, ಭವಿ ಮುಟ್ಟಿದ ಅನ್ನ ಉಣ್ಣುತ್ತಿರಲಿಲ್ಲ. ಬೀದಿಯ ಹೆಂಗಸರು ನೀರಿನ ಕಟ್ಟೆಯಲ್ಲಿ ಇದನ್ನೇ ಅಗಿಯುತ್ತಿದ್ದರು. ಒಬ್ಬಾಕೆ ಅಜ್ಜಿಯ ಎದುರೇ ಕೇಳಿಬಿಟ್ಟಳು.

"ನನ್ನ ಹೊಟ್ಟೆ ಇನ್ನೂ ಅವಳ ಜಾತಿ ಕೇಳಿಲ್ಲ ಕಣಮ್ಮ," ಎಂದರು ಅಜ್ಜಿ. "ನಿನ್ನ ಹೊಟ್ಟೆ ಯಾಕೆ ನೋಯ್ತೈತೆ?"

ಅಷ್ಟು ಗಟ್ಟಿ ಬಾಯಿಯ ಹೆಂಗಸು, ಆ ಒಂದು ಬೆರಳಿನ ವಿಷಯಕ್ಕೆ ಮಾತ್ರ ಹೆದರಿ ಸಾಯುತ್ತಿದ್ದರು. ಹಗಲು ಮಲಗುತ್ತಿರಲಿಲ್ಲ. ಜ್ವರ ಬಂದರೆ ವೈದ್ಯರಿಗೆ ಬಲಗೈ ನಾಡಿಯನ್ನೇ ಕೊಡುತ್ತಿದ್ದರು. ಬೆರಳಿನ ಬಟ್ಟೆ ಬಿಚ್ಚುತ್ತಿದ್ದದ್ದು ಲಿಂಗಪೂಜೆಯ ಹೊತ್ತಿಗೆ ಮಾತ್ರ, ಅದೂ ಬಾಗಿಲಿಗೆ ಅಗಳಿ ಹಾಕಿಕೊಂಡು.

ಯಾಕೆಂದು ನನಗೆ ಹೇಳಿದ್ದು ಹುಣಿಸೆಹಣ್ಣು ಬಿಡಿಸುವ ದಿನ. ಇಬ್ಬರೂ ಜಗಲಿಯ ಮೇಲೆ ಕೂತು ಬೀಜ ತೆಗೆಯುತ್ತಿದ್ದೆವು. ಅಜ್ಜಿ ಒಂದೇ ಕೈಯಲ್ಲಿ ತೆಗೆಯುತ್ತಿದ್ದರು.

"ನಮ್ಮತ್ತೆ ಶಿರಾದಾಗೆ ತೀರ್ಕೊಂಡ್ರು," ಎಂದು ಶುರುಮಾಡಿದರು. "ಗಂಡಸ್ರೆಲ್ಲ ಕ್ವಾಣೆ ಬಾಗ್ಲು ಹಾಕ್ಕೊಂಡು ಒಳಗಿದ್ರು. ಇನ್ನೂ ಉಸ್ರೈತೆ ಅಂತ ನಮಗೆ ಹೇಳಿದ್ರು. ಆಮ್ಯಾಕೆ ಬಾಗ್ಲು ತೆಗ್ದು, ಹೋತು ಅಂದ್ರು. ನೀರು ಹಾಕೋಕೆ ನನ್ನ ಕರ್ದ್ರು. ಎಡಗೈ ಇಡ್ಕೊಂಡೆ ಕಣವ್ವ. ಹೆಬ್ಬೆಟ್ಟು ಮಸಿ. ಸೀಗೇಪುಡಿ ಹಾಕಿ ಉಜ್ಜಿದೆ, ಬೂದಿ ಹಾಕಿ ಉಜ್ಜಿದೆ, ಹೋಗ್ಲಿಲ್ಲ. ಅದೇ ಅಂಗೈ ಮ್ಯಾಲೆ ಲಿಂಗ ಇಟ್ಟು ಮಣ್ಣು ಮಾಡಿದ್ರು."

ನನ್ನ ಕೈಯಲ್ಲಿದ್ದ ಹುಣಿಸೆಹಣ್ಣು ಮೊರಕ್ಕೆ ಬಿತ್ತು. ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿ, ಬದುಕಿದ್ದಾಗ ಪೂಜೆಗೆ ಚಾಚುತ್ತಿದ್ದ ಆ ಎಡ ಅಂಗೈಯಲ್ಲೇ ಅವರ ಲಿಂಗವನ್ನು ಇಟ್ಟು ಮಣ್ಣಿಗೆ ಕೊಡುತ್ತಾರೆ. ಆ ಅಂಗೈಯ ಪಕ್ಕದಲ್ಲೇ ಕದ್ದ ರುಜುವಿನ ಮಸಿ.

"ಯಾರು ಮಾಡಿದ್ದು ಅಜ್ಜಿ?"

"ಎಲ್ಲಾರೂವೆ. ನಮ್ಮೆಜಮಾನ್ರೂ ಆ ಕ್ವಾಣೆಲಿದ್ರು. ಈ ರುದ್ರನ ಅಪ್ಪನೂ ಇದ್ದ. ಅತ್ತೆ ಮಗಳಿಗೆ ಅಂತ ಇಟ್ಕೊಂಡಿದ್ದ ಹೊಲ ಇವರ ಪಾಲಾತು. ಆ ಹೊಲದ ರಾಗಿನೇ ನಾನೂ ಉಂಡೆ. ಅದುಕ್ಕೇ ನಂಗೆ ಗೊತ್ತು, ನಮ್ಮನೇವ್ರು ಏನು ಮಾಡ್ತಾರೆ ಅಂತ."

ರುದ್ರ ಎಂದರೆ ರುದ್ರಪ್ಪ, ಅಜ್ಜಿಯ ಮೈದುನನ ಮಗ. ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ. ಅವನನ್ನು ಕಂಡರೆ ನನಗೆ ಹೆದರಿಕೆ, ಅದೂ ಅವನು ಬಹಳ ಒಳ್ಳೆಯ ಮಾತಿನವನಾಗಿದ್ದರಿಂದ. ಕೂಗಾಡುವ ಗಂಡಸನ್ನು ಕಂಡರೆ ಬಾಗಿಲು ಹಾಕಿಕೊಳ್ಳಬಹುದು. ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು, ಚಪ್ಪಲಿ ಬೀದಿಯಲ್ಲೇ ಬಿಟ್ಟು, ವಿಭೂತಿಯ ಹಣೆ ಬಗ್ಗಿಸಿ ಒಳಗೆ ಬರುವವನಿಗೆ ಏನು ಮಾಡುವುದು? ವಾರಕ್ಕೊಮ್ಮೆಯಾದರೂ ಬಂದು ಜಗಲಿಯ ಮೇಲೆ ಕೂರುತ್ತಿದ್ದ. "ದೊಡ್ಡಮ್ಮ, ಕೈ ಹೆಂಗೈತೆ?" ಎಂದು ಕೇಳುತ್ತಿದ್ದ. ಬೇರೇನೂ ಕೇಳುತ್ತಿರಲಿಲ್ಲ. ಅವನ ದನಿ ಬೀದಿಯಲ್ಲಿ ಕೇಳಿದ ಕೂಡಲೇ ಅಜ್ಜಿ ಒಂದು ನಿಂಬೆಹಣ್ಣು ತೂತುಮಾಡಿ ಬಟ್ಟೆ ಸಮೇತ ಹೆಬ್ಬೆಟ್ಟನ್ನು ಅದರೊಳಗೆ ತೂರಿಸಿಕೊಂಡು ನರಳಲು ಶುರುಮಾಡುತ್ತಿದ್ದರು. ಅವನು ಹೋದ ಮೇಲೆ ಆ ನಿಂಬೆಹಣ್ಣನ್ನು ಬಿಸಾಡುತ್ತಿರಲಿಲ್ಲ, ಲಕ್ಕಮ್ಮ ಅದನ್ನು ಪಾತ್ರೆ ತಿಕ್ಕಲು ಬಳಸುತ್ತಿದ್ದಳು. ನಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ.

ನಗು ನಿಂತದ್ದು ಅಜ್ಜಿ ನನ್ನ ಕೈಲಿ ಮಾತು ತೆಗೆದುಕೊಂಡ ದಿನ. "ನಂಗೆ ಉಸ್ರು ಎಳ್ಯೋ ಹೊತ್ನಾಗೆ ನೀನು ಬಂದು ನನ್ನ ಎಡಗೈ ಇಡ್ಕೊಂಡು ಕೂತ್ಕೋಬೇಕು. ಲಕ್ಕಿನ ಅವರು ಒಳಗೆ ಬುಡಲ್ಲ. ನೀನು ನಮ್ಮೋಳು, ನಿನ್ನ ಎಬ್ಸೋಕಾಗಲ್ಲ. ಮಣ್ಣು ಮಾಡೋಗಂಟ ಕೈ ಬುಡ್ಬೇಡ." ಹೂಂ ಎಂದುಬಿಟ್ಟೆ. ಆವತ್ತಿನಿಂದ ಎದುರುಮನೆಯಲ್ಲಿ ಕೆಮ್ಮು ಕೇಳಿದರೆ ನಾನು ಬಾಗಿಲಿಗೆ ಓಡಿಬಂದು ನಿಲ್ಲುತ್ತಿದ್ದೆ. ನಮ್ಮ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. "ಬೇರೆ ಊರಿಗೆ ವರ್ಗ ಮಾಡಿಸಿಕೊಳ್ಳಿ" ಎಂದು ಅವರನ್ನು ಪೀಡಿಸಿದೆ. ಕಾರಣ ಕೇಳಿದರು, ಹೇಳಿದೆ. ಅವರು ನಕ್ಕರು. ನಗುತ್ತಿದ್ದವರು ನಿಧಾನವಾಗಿ ಗಂಭೀರವಾದರು.

ಮಾರನೆಯ ದಿನ ನಮ್ಮವರು ಮಧ್ಯಾಹ್ನದ ಊಟಕ್ಕೆ ಬಂದಾಗ ಅಜ್ಜಿ ನಮ್ಮ ನಡುಮನೆಯಲ್ಲೇ ಇದ್ದರು. ಇವರು ಕೈ ತೊಳೆದುಕೊಂಡು ಬಂದು ಅವರ ಎದುರಿಗೆ ಕೂತರು.

"ಅಜ್ಜಿ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ರುದ್ರಪ್ಪಂಗೆ ನಿಮ್ಮ ಹೆಬ್ಬೆಟ್ಟು ಬೇಕಾಗೇ ಇಲ್ಲ."

"ಬ್ಯಾಡವಾ? ಮತ್ತೆ ಯಾಕೆ ಬತ್ತಾನೆ?"

"ಕಾಯೋಕೆ. ಮಕ್ಕಳಿಲ್ಲದ ಹೆಂಗಸು ಏನೂ ಬರೆಸದೆ ಹೋದ್ರೆ, ಅಪ್ಪ ಕೊಟ್ಟ ಆಸ್ತಿನೂ ತಾನಾಗೇ ಗಂಡನ ಕಡೆಯೋರಿಗೆ ಹೋಗುತ್ತೆ. ಅವನು ಮಸಿ ತರೋದೂ ಬೇಡ, ಬಾಗಿಲು ಹಾಕೋದೂ ಬೇಡ. ನೀವು ಆ ಬಟ್ಟೆ ಬಿಚ್ಚದೆ ಇದ್ದರೆ ಅವನಿಗೆ ಅದೇ ಒಳ್ಳೇದು."

ಅಜ್ಜಿ ತೊಡೆಯ ಕೆಳಗಿನಿಂದ ಎಡಗೈ ತೆಗೆದರು. ಅರಿಶಿನದ ಬಟ್ಟೆ ಸುತ್ತಿದ ಆ ಬೆರಳನ್ನು ಪೊರೆಗಣ್ಣಿನ ಹತ್ತಿರಕ್ಕೆ ತಂದು ನೋಡಿದರು.

"ಹಂಗಾರೆ ನಾನು ಇಷ್ಟು ವರ್ಷ ಕಾದಿದ್ದು ಅವನ ಮನೇನಾ?" ಎಂದರು. ಆಮೇಲೆ, "ಲಕ್ಕಿ?" ಎಂದು ಕೇಳಿದರು.

"ಅವಳನ್ನ ನಿಮ್ಮ ಹಿಂದೆಯೇ ಹೊರಗೆ ಹಾಕಬಹುದು. ಕೇಳೋರಿರಲ್ಲ."

ಲಕ್ಕಮ್ಮ ಆಗ ಬೀದಿಯಲ್ಲಿ ಸಗಣಿ ಆಯುತ್ತಿದ್ದಳು. ಅಜ್ಜಿ ಬಾಗಿಲಿನಿಂದ ಅವಳನ್ನು ನೋಡುತ್ತ ಕೂತರು. ಅವರ ಭಯ ಬೆರಳಿನಿಂದ ಎದ್ದು ಆ ಹೆಂಗಸಿನ ಮೇಲೆ ಕೂತದ್ದನ್ನು ನಾನು ಕಣ್ಣಾರೆ ಕಂಡೆ.

ಬರೆಸುವುದು ಅಷ್ಟು ಸುಲಭವಾಗಲಿಲ್ಲ. ಇವರು, "ಒಂದು ಉಯಿಲು ಬರೆಸಿಬಿಡಿ ಅಜ್ಜಿ, ಲಕ್ಕಮ್ಮನ ಹೆಸರಿಗೆ" ಎಂದರು. ನಮ್ಮ ಕಡೆ ಹಕಾರ ನುಂಗುವುದು ರೂಢಿ. ಸತ್ತ ಮನೆಯಲ್ಲಿ ಹೆಂಗಸರು ಎದೆ ಬಡಿದುಕೊಂಡು ಹುಯಿಲಿಡುವುದಕ್ಕೂ ಉಯ್ಲು ಎಂದೇ ಅನ್ನುತ್ತೇವೆ. ಅಜ್ಜಿ ಬೆಚ್ಚಿಬಿದ್ದರು.

"ಉಯ್ಲು ಯಾಕಪ್ಪ ಬರೆಸ್ಬೇಕು? ನಾನು ಸತ್ರೆ ಬೀದಿ ಹೆಂಗಸ್ರು ಬಂದು ತಾವಾಗೇ ಉಯ್ಲಿಡ್ತಾರೆ."

ಇವರು ತಿದ್ದಲು ಹೋಗಿ, "ಹಾಗಲ್ಲ ಅಜ್ಜಿ, ಮರಣಶಾಸನ" ಎಂದರು. ಗಂಡಸರ ಬುದ್ಧಿ. ಅಜ್ಜಿ ಸೆರಗು ಕೊಡವಿಕೊಂಡು ಎದ್ದವರು ಹಲವು ದಿನ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ಮರಣ ಎಂಬ ಮಾತನ್ನು ಬರೆದು, ಅದರ ಕೆಳಗೆ ಗುರುತು ಹಾಕಿದರೆ ಮರಣ ಬರದೆ ಬಿಟ್ಟೀತೇ? ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಆ ಮಾತು ಮನೆಯಲ್ಲಿ ಆಡಬೇಡಿ ಎಂದು ನಾನೂ ಇವರಿಗೆ ಹೇಳಿದ್ದೆ.

ರುದ್ರಪ್ಪನಿಗೆ ಸುಳಿವು ಸಿಕ್ಕಿತು. ಯಾರು ಹೇಳಿದರೋ ಗೊತ್ತಿಲ್ಲ, ಬೀದಿಗೆ ಕಿವಿ ಬಹಳ. ಅವನು ತಂದದ್ದು ಸಿಹಿ ಹೆಸರಿನ ಕಾಗದ. "ದೊಡ್ಡಮ್ಮ, ನಂಗೊಂದು ದಾನಪತ್ರ ಮಾಡ್ಕೊಟ್ಬುಡು. ದಾನ ಅಂದ್ರೆ ಪುಣ್ಯ. ಸಾಯೋ ಮಾತೇ ಅದ್ರಾಗಿಲ್ಲ. ನೀನಿರೋಗಂಟ ಹೊಟ್ಟೆಬಟ್ಟೆಗೆ ನಾನು ನೋಡ್ಕೊತೀನಿ, ಅದನ್ನೂ ಬರ್ಸಣ." ಅಜ್ಜಿಗೆ ದಾನ ಎಂಬ ಮಾತು ಹಿಡಿಸಿತು. ಮನಸ್ಸು ಅತ್ತಲೇ ಜಾರುತ್ತಿತ್ತು. ನನಗೆ ಇದು ತಿಳಿದು, ಹೆದರಿಕೊಂಡೇ ಇವರನ್ನು ಕಳಿಸಿದೆ.

ಇವರು ಬಿಡಿಸಿ ಹೇಳಿದರು. ದಾನಪತ್ರ ರಿಜಿಸ್ಟ್ರಾದ ದಿನವೇ ಮನೆ ಅವನದು. ಮಾರನೆಯ ಬೆಳಗಿನಿಂದ ಅಜ್ಜಿ ಅವನ ಮನೆಯಲ್ಲಿ ಇರುವವರು, ಲಕ್ಕಮ್ಮ ಇಲ್ಲದೆ. ಮನಸ್ಸು ಬದಲಾದರೆ ಹಿಂದಕ್ಕೆ ಪಡೆಯುವ ಹಾಗಿಲ್ಲ. ಮೊದಲು ಹೇಳಿದ ಉಯಿಲಿನ ಕಾಗದ ಅಜ್ಜಿ ಇರುವವರೆಗೆ ಏನೂ ಮಾಡುವುದಿಲ್ಲ, ಮನೆ ಅವರದೇ, ಬೇಡವೆಂದರೆ ಯಾವತ್ತು ಬೇಕಾದರೂ ಬದಲಾಯಿಸಬಹುದು.

ಅಜ್ಜಿ ಎರಡು ಸಲ ಹೇಳಿಸಿಕೊಂಡರು. "ಒಳ್ಳೆ ಹೆಸರಿಂದು ಇವತ್ತೇ ಮನೆ ಕಿತ್ಕಳ್ತೈತೆ. ಕೆಟ್ಟ ಹೆಸರಿಂದು ಸಾಯೋಗಂಟ ಇರೋಕೆ ಬುಡ್ತೈತೆ. ಇದೆಂಥ ಮಾತಪ್ಪ ನಿಮ್ಮ ಸರ್ಕಾರದ್ದು?" ಎಂದರು.

ಕೊನೆಗೆ ಆ ಕೆಟ್ಟ ಹೆಸರಿನ ಕಾಗದವನ್ನೇ ಲಕ್ಕಮ್ಮನ ಹೆಸರಿಗೆ ಬರೆಸಲು ಅಜ್ಜಿ ಹೊರಟರು, ರಿಜಿಸ್ಟ್ರಾರ್ ಕಚೇರಿಗೆ ನಾನೂ ಹೋದೆ. ಅಜ್ಜಿ ನನ್ನ ಮುಂಗೈ ಹಿಡಿದದ್ದು ಕೆಂಪಗೆ ಗುರುತಾಗಿತ್ತು. ಅವಳೇ ಬರೆಸಿಕೊಂಡಳು ಎಂಬ ಮಾತು ಬರಬಾರದೆಂದು ಲಕ್ಕಮ್ಮನನ್ನು ಮನೆಯಲ್ಲಿ ಬಿಟ್ಟು ಬಂದಿದ್ದೆವು. ಕಾಗದ ಬರೆದ ಸಾಬರು ಶಿರಾದವರು, ವಯಸ್ಸಾದವರು, "ಡರಬೇಡಿ ಅಮ್ಮ, ಇದನ್ನ ಬರೆಸಿದೋರು ಎಷ್ಟೋ ಜನ ಇನ್ನೂ ನನ್ನ ಹತ್ರ ಬಂದು ಬೀಡಿ ಕೇಳ್ತಾರೆ" ಎಂದು ಸಮಾಧಾನ ಹೇಳಿದರು. ಅಧಿಕಾರಿಗಳು ಓದಿ ಹೇಳಿ, ಸ್ವಂತ ಬುದ್ಧಿಯಿಂದ ಬರೆಸಿದ್ದೇ ಎಂದು ಕೇಳಿದರು. ಹೂಂ ಎನ್ನುವುದರ ಬದಲು ಅಜ್ಜಿ ಬೆರಳಿನ ಬಟ್ಟೆ ಬಿಚ್ಚಲು ಶುರುಮಾಡಿದರು. ಗಂಟು ಸಿಕ್ಕಿಕೊಂಡಿತ್ತು, ಕೊನೆಗೆ ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಬಿಸಿಲು ಕಾಣದ ಆ ಬೆರಳು ಬೆಳ್ಳಗೆ, ಮೆತ್ತಗೆ, ಹಸುಗೂಸಿನ ಬೆರಳಿನಂತಿತ್ತು. ಮಸಿಗೆ ಅದ್ದಿ ಒತ್ತಿದರೆ ಒಂದೊಂದು ಗೆರೆಯೂ ಮೂಡಿತು. ಗೇದು ಸವೆದ ಮುದುಕರ ಹೆಬ್ಬೆಟ್ಟು ಬರೀ ಕಪ್ಪು ಮಚ್ಚೆಯಾಗಿ ಬೀಳುತ್ತದಂತೆ. ಇಷ್ಟು ಸ್ಪಷ್ಟವಾದ ಗುರುತು ಅಪರೂಪ ಎಂದು ಅಧಿಕಾರಿಗಳು ಮೆಚ್ಚಿಕೊಂಡರು. ಅಜ್ಜಿ ಅತ್ತುಬಿಟ್ಟರು. ನಾನೂ ಅತ್ತೆ. ಇವರು ಸಾಕ್ಷಿ ಹಾಕಿದರು, ಸಾಬರು ಇನ್ನೊಂದು ಸಾಕ್ಷಿ ಹಾಕಿದರು.

ಇನ್ನು ಹೆದರಿಕೆ ಮುಗಿಯಿತು ಎಂದುಕೊಂಡೆ. ಬಟ್ಟೆ ಸುತ್ತುವುದನ್ನು ಅಜ್ಜಿ ಬಿಟ್ಟೇಬಿಟ್ಟರು. ಎರಡೂ ಕೈಯಲ್ಲಿ ರಾಗಿ ಕೇರುವುದನ್ನು ನೋಡಿ ಬೀದಿಯೇ ಬೆರಗಾಯಿತು.

ರುದ್ರಪ್ಪ ಒಂದು ಬೆಳಿಗ್ಗೆ ಬಂದ. ನಾನು ಅಲ್ಲೇ ಇದ್ದೆ. ಅವನು ಕೋಪ ಮಾಡಲಿಲ್ಲ, ಬಾಳೆಹಣ್ಣನ್ನು ಎಂದಿನಂತೆ ಕಂಬದ ಪಕ್ಕ ಇಟ್ಟ. ನನ್ನ ಕಡೆ ತಿರುಗಿ, "ನಿಮ್ಮೆಜಮಾನ್ರು ಸಾಕ್ಷಿ ಹಾಕಿದ್ರಂತೆ, ಸಂತೋಷ" ಎಂದ. ಆಮೇಲೆ ಅಜ್ಜಿಯ ಹತ್ತಿರ ಕೂತು, ಮಗುವಿಗೆ ಹೇಳುವಂತೆ ಹೇಳಿದ.

"ದೊಡ್ಡಮ್ಮ, ಇಷ್ಟು ದಿನ ನೀನು ಸತ್ರೆ ಲಕ್ಕಿ ಬೀದಿ ಪಾಲಾಗ್ತಿದ್ಲು. ನೀನು ಬದುಕಿರ್ಲಿ ಅಂತ ಅವ್ಳು ದಿನಾ ಕೈ ಮುಗೀತಿದ್ಲು. ಈಗ ಹಂಗಿಲ್ಲ ನೋಡು. ಈಗ ನೀನು ಹೋದ್ರೇನೇ ಅವ್ಳಿಗೆ ಮನೆ. ನಾನೇನೂ ಹೇಳಲ್ಲಪ್ಪ. ಸ್ವಲ್ಪ ನೋಡ್ಕೊಂಡು ಉಣ್ಣು."

ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಹೋದ. ಒಳಗೆ ಲಕ್ಕಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಸದ್ದು ಕೇಳುತ್ತಿತ್ತು.

ಎರಡು ದಿನ ಬಿಟ್ಟು ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದರು. "ಸಾರು ಕಹಿ ಬತ್ತೈತೆ ಕಣವ್ವ" ಎಂದು ಪಿಸುಗುಟ್ಟಿದರು. ಬಟ್ಟಲು ನನ್ನ ಕೈಗೆ ಕೊಟ್ಟರು. ನಾನು ನಾಲಿಗೆಯ ತುದಿಗೆ ಮುಟ್ಟಿಸಿದೆ. ಕಹಿಯೇ ಇತ್ತು. ಮನೆಗೆ ಓಡಿಹೋಗಿ ಬಾಯಿ ಮುಕ್ಕಳಿಸಿ, ಕೂತುಕೊಂಡು ಯೋಚಿಸಿದ ಮೇಲೆ ಗೊತ್ತಾಯಿತು, ಮೆಂತ್ಯ. ಲಕ್ಕಮ್ಮ ಯಾವಾಗಲೂ ಮೆಂತ್ಯ ಒಂದು ಚಿಟಿಕೆ ಹೆಚ್ಚು ಹಾಕುತ್ತಿದ್ದಳು, ನಾನು ಎಷ್ಟೋ ಸಲ ಆ ಸಾರು ಉಂಡಿದ್ದೆ. ಅಜ್ಜಿಗೆ ಹೇಳಿದೆ. "ಇರಬೌದು" ಎಂದರು. ಉಣ್ಣಲಿಲ್ಲ.

ಆ ಮೇಲಿನ ದಿನಗಳನ್ನು ನೆನೆಸಿಕೊಳ್ಳಲು ನನಗೆ ಇಷ್ಟವಿಲ್ಲ. ಅಜ್ಜಿ ತಾವೇ ಒಡೆದ ತೆಂಗಿನಕಾಯಿ, ಅಂಗಡಿಯ ಪುರಿ, ತಾವೇ ಸುಲಿದ ಬಾಳೆಹಣ್ಣು ತಿಂದುಕೊಂಡು ದಿನ ನೂಕಿದರು. ಬಾಳೆಹಣ್ಣು ರುದ್ರಪ್ಪ ತಂದದ್ದು. ಜೀವಮಾನವೆಲ್ಲ ಯಾರಿಗೆ ಹೆದರಿದರೋ ಅವನ ಹಣ್ಣು ತಿಂದರು, ಜೀವಕ್ಕೆ ಜೀವವಾದವಳ ಮುದ್ದೆ ಮುಟ್ಟಲಿಲ್ಲ. ಲಕ್ಕಮ್ಮನಿಗೆ ಹೇಳಿದ ನೆಪ ಇನ್ನೂ ಕೆಟ್ಟದು. "ಇನ್ಮ್ಯಾಲೆ ಭವಿ ಕೈ ಊಟ ಬ್ಯಾಡ ಅಂತ ಮಠದ ಅಯ್ಯನೋರು ಹೇಳವ್ರೆ" ಎಂದುಬಿಟ್ಟರು. ಬೀದಿಯ ಬಾಯಿಯಿಂದ ಆ ಮಾತು ಬಂದಾಗ ಝಾಡಿಸಿದ್ದ ಹೆಂಗಸು ಇವರೇ. ಲಕ್ಕಮ್ಮ ನನ್ನ ಹತ್ತಿರ ಬಂದು ಒಲೆಯ ಮುಂದೆ ಕೂತಳು.

"ಇಷ್ಟು ದಿನ ಲೇದು ಅಮ್ಮಯ್ಯ, ಈಗ ನಾನು ಭವಿ ಆದ್ನಾ? ಏಮಿ ತಪ್ಪು ಮಾಡ್ದೆ ಅಂತ ನೀವಾನಾ ಹೇಳಿ."

ನಾನು ಒಲೆ ಊದುತ್ತ ಕೂತೆ. ಹೇಗೆ ಹೇಳುವುದು?

ಅಜ್ಜಿ ಇವರನ್ನು ಬೀದಿಯಲ್ಲೇ ತಡೆದು, "ಆ ಕಾಗದ ಅಳಿಸೋಕಾಗ್ತೈತಾ?" ಎಂದು ಕೇಳಿದರು. "ಆಗುತ್ತೆ ಅಜ್ಜಿ, ನಾಳೆ ಬೇಕಾದ್ರೂ" ಎಂದರು ಇವರು. ಅಜ್ಜಿ ನಾಳೆಯೂ ಹೋಗಲಿಲ್ಲ, ನಾಡಿದ್ದೂ ಹೋಗಲಿಲ್ಲ. ಅಳಿಸಿದರೆ ಲಕ್ಕಮ್ಮ ಬೀದಿಗೆ ಬೀಳುತ್ತಾಳೆ, ಅಳಿಸದಿದ್ದರೆ ಅವಳ ಕೈಯ ಅನ್ನ ಗಂಟಲಿಗೆ ಇಳಿಯುವುದಿಲ್ಲ. ಇಬ್ಬರೂ ಇಳಿದುಹೋದರು, ಒಬ್ಬರು ಉಣ್ಣದೆ, ಒಬ್ಬಳು ಉಣಿಸಲಾಗದೆ.

ಲಕ್ಕಮ್ಮನಿಗೆ ತಿಳಿದದ್ದು ದಾಳಿಂಬೆ ಗಿಡದಿಂದ. ಬೇಡವೆಂದರೂ ಅವಳು ಬಡಿಸಿಟ್ಟು ಹೋಗುತ್ತಿದ್ದದ್ದನ್ನು ಅಜ್ಜಿ ದಿನವೂ ಗಿಡದ ಬುಡಕ್ಕೆ ಸುರಿಯುತ್ತಿದ್ದರು. ಅದನ್ನು ಅವಳು ಕಂಡಿದ್ದಳು, ಮಡಿಯ ಮುದುಕಿ ಎಂದು ಸುಮ್ಮನಿದ್ದಳು. ಆದರೆ ಅಜ್ಜಿ ಬೆಳಿಗ್ಗೆ ಎದ್ದ ಕೂಡಲೇ ಹಿತ್ತಲಿಗೆ ಹೋಗಿ, ಎಲೆಗಳನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡು, ಒಂದೊಂದನ್ನೇ ಸವರಿ ನೋಡುತ್ತಿದ್ದರು. ಒಂದು ದಿನ ಲಕ್ಕಮ್ಮ ಹಿಂದೆ ಬಂದು ನಿಂತಳು. ನಾನು ಗೋಡೆಯ ಈಚೆ ಬಟ್ಟೆ ಹರಡಲು ಬಂದಿದ್ದವಳು ಕೇಳಿಸಿಕೊಂಡೆ.

"ಗಿಡ ಬಾಡಿಲ್ಲ ಅಕ್ಕಯ್ಯ," ಎಂದಳು.

ಅಜ್ಜಿ ತ್ರಾಣವಿಲ್ಲದೆ ಅಲ್ಲೇ ಕುಸಿದು ಕೂತರು. ಲಕ್ಕಮ್ಮ ಜಗಳವಾಡಲಿಲ್ಲ, ಅಳಲೂ ಇಲ್ಲ. ಎರಡು ಸೀರೆ ಗಂಟು ಕಟ್ಟಿಕೊಂಡಳು. ನಮ್ಮ ಬಾಗಿಲಿಗೆ ಬಂದು, "ನಾನು ದೂರ ಇದ್ರೆ ಅಕ್ಕಯ್ಯ ಹೆದರ್ದಂಗೆ ಉಣ್ತಾರೆ. ಮನೆ ಯಾರಿಗಾನಾ ಕೊಡ್ಲಿ, ನಾಕು ಬ್ಯಾಡ. ಒಂದಿಷ್ಟು ಅನ್ನ ಮಾಡಿಕೊಡಿ ಅಮ್ಮಯ್ಯ, ಬಾಳೆಹಣ್ಣಿಗೆ ಅವರಿಗೆ ವಾಯು ಆಗ್ತದೆ" ಎಂದು ಹೇಳಿ ತಮ್ಮನ ಹಟ್ಟಿಗೆ ಹೊರಟುಹೋದಳು.

ಮುಂದೆ ಏನಾಯಿತೆಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಆ ಕಾಗದವನ್ನು ಅಜ್ಜಿ ಅಳಿಸಲಿಲ್ಲ. ವರ್ಷಗಳ ಮೇಲೆ ಅವರು ತೀರಿಕೊಂಡಾಗ ರುದ್ರಪ್ಪ ಕೋರ್ಟಿಗೆ ಹೋದ, ಸೋತ. ಲಕ್ಕಮ್ಮ ತಾನು ಸಾಯುವವರೆಗೂ ಆ ಮನೆಯಲ್ಲೇ ಇದ್ದಳು. ಆದರೆ ಆ ಗೆಲುವು ನನ್ನ ಮನಸ್ಸಿನಲ್ಲಿ ಅಷ್ಟಾಗಿ ಉಳಿದಿಲ್ಲ. ಉಳಿದಿರುವುದು ಬಲಸಮುದ್ರದ ಒಂದು ಮಧ್ಯಾಹ್ನ.

ಲಕ್ಕಮ್ಮ ಹೋದ ಮೇಲೆ ಅಜ್ಜಿಗೆ ನಾನು ಊಟ ಕೊಟ್ಟೆ. ಉಂಡರು, ಆದರೆ ತುತ್ತು ತುತ್ತಿಗೂ ಬಾಗಿಲ ಕಡೆ ನೋಡಿದರು. ಹೀಗೇ ಕೆಲವು ದಿನ. ಆಮೇಲೊಂದು ಬೆಳಿಗ್ಗೆ ಸೀರೆ ಉಟ್ಟುಕೊಂಡು ಬಂದು, "ಪಾವಗಡದ ಬಸ್ಸು ಎಷ್ಟೊತ್ತಿಗೆ?" ಎಂದರು. ಇವರು ನನ್ನನ್ನೂ ಜೊತೆ ಮಾಡಿದರು. ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲ್ ಸಿಗದೆ ಇದ್ದಲಿನ ಗ್ಯಾಸಿನಲ್ಲಿ ಓಡುವ ಬಸ್ಸು, ಏರಿನಲ್ಲಿ ಇಳಿದು ನಡೆಯಬೇಕು. ಪಾವಗಡದಿಂದ ಮುಂದೆ ಎತ್ತಿನಗಾಡಿ ಸಿಕ್ಕಿತು. ಹಟ್ಟಿ ಹತ್ತಿರವಾದಂತೆ, "ವಾಪಸ್ ಹೋಗಣ ಕಣವ್ವ, ಭಯ ಆಗ್ತೈತೆ" ಎಂದರು. ನನಗೂ ಭಯವಾಗಿತ್ತು. ಯಾಕೆಂದು ಇಬ್ಬರಿಗೂ ಬಿಡಿಸಿ ಹೇಳಲು ಬರಲಿಲ್ಲ. ಗಾಡಿಯವನಿಗೆ ನಾವು ಹೇಳಿದ್ದು ಕೇಳಿಸಲಿಲ್ಲವೋ ಏನೋ, ಅವನು ನಿಲ್ಲಿಸಲಿಲ್ಲ.

ಲಕ್ಕಮ್ಮ ಕುರಿದೊಡ್ಡಿಯ ಪಕ್ಕದಲ್ಲಿ ಒಲೆ ಹಚ್ಚಿ ಮುದ್ದೆ ತೊಳಸುತ್ತಿದ್ದಳು. ನಮ್ಮನ್ನು ನೋಡಿ ಎದ್ದಳು. ಬನ್ನಿ ಎನ್ನಲಿಲ್ಲ, ಕಂಬಳಿ ಹಾಸಿದಳು. ಅವಳ ತಮ್ಮ, ಅವನ ಹೆಂಡತಿ, ಹಟ್ಟಿಯ ಮುದುಕರು ಸುತ್ತ ನಿಂತರು. ಅಜ್ಜಿ ಕಂಬಳಿಯ ಮೇಲೆ ಕೂತು, ಉಸಿರು ಸುಧಾರಿಸಿಕೊಂಡರು.

"ಹಸಿವಾಗೈತೆ ಲಕ್ಕಿ," ಎಂದರು.

ಲಕ್ಕಮ್ಮ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು ತಂದಿಟ್ಟಳು. ಇಟ್ಟವಳು ಅಲ್ಲೇ ಮಂಡಿಯೂರಿ, ಅಂಚಿನಿಂದ ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ತನ್ನ ಬಾಯಿಗೆ ಇಟ್ಟುಕೊಳ್ಳಹೋದಳು. ಅಜ್ಜಿ ಅವಳ ಮುಂಗೈ ಹಿಡಿದುಕೊಂಡರು.

"ನೀನು ಮೊದ್ಲು ತಿನ್ಬ್ಯಾಡ," ಎಂದರು. "ನೀನು ತಿಂದ ಮ್ಯಾಲೆ ತಿನ್ನೋದಾದ್ರೆ ನಾನು ಇಷ್ಟು ದೂರ ಯಾಕೆ ಬರ್ಬೇಕಿತ್ತು?"

ಅವಳ ಬೆರಳಿನಲ್ಲಿದ್ದ ಆ ತುತ್ತನ್ನೇ ತಮ್ಮ ಬಾಯಿಗೆ ತೆಗೆದುಕೊಂಡರು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗಬೇಕು. ಹೆದರಿಕೆ ಹೋಗಿರಲಿಲ್ಲ, ಒಂದಿಷ್ಟೂ ಹೋಗಿರಲಿಲ್ಲ, ಅದು ನನಗೆ ಕಾಣುತ್ತಿತ್ತು, ಲಕ್ಕಮ್ಮನಿಗೂ ಕಾಣುತ್ತಿತ್ತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನುಂಗಿದರು. ಆಮೇಲೆ ಕಣ್ಣು ಬಿಡದೆಯೇ, ಇನ್ನೊಂದು ತುತ್ತಿಗೆ ಬಾಯಿ ತೆರೆದರು.